ಶನಿಗೆ ಅಡ್ಡ ಕಟ್ಟಿದ ಪೆಂಡಾಲು

ಆಕಾಶ ತೋರಿಸುವ ಶಿಬಿರಕ್ಕೆಂದು ನಮ್ಮ ಸಾಲಿಯವರು ಮಾಡಿದ ಮೊದಲ ಕೆಲಸವೆಂದರೆ ಮೈದಾನದ ತುಂಬ ಪೆಂಡಾಲು ಹಾಕಿಸಿದ್ದು.

ಇದಕ್ಕೆ ನಗುವವರು ಬನಹಟ್ಟಿಯನ್ನು ನೋಡಿಲ್ಲ. ಈ ಊರಲ್ಲಿ ಪೆಂಡಾಲಿಲ್ಲದೆ ಲಗ್ನವಿಲ್ಲ, ಬಸುರಿಗೆ ಕುಬಸವಿಲ್ಲ, ನೇಕಾರ ಸಂಘದ ವಾರ್ಷಿಕ ಸಭೆಯೂ ಇಲ್ಲ. ಬಟ್ಟೆ ನೇಯುವವರ ಊರು. ತಲೆಯ ಮೇಲೆ ನಾಲ್ಕು ಮೊಳ ಬಟ್ಟೆ ಇಲ್ಲದೆ ಮಂದಿಯನ್ನು ಕೂರಿಸಿದರೆ ಅದು ಕರೆದು ಅವಮಾನ ಮಾಡಿದ ಲೆಕ್ಕ. ನಾನು ಹುಟ್ಟಿದ್ದು ಜಮಖಂಡಿ, ಕೊಟ್ಟಿದ್ದು ಬನಹಟ್ಟಿ. ಏಳನೇ ಇಯತ್ತೆಯವರೆಗಿದ್ದ ಆ ಸಾಲಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದೆ. ಇಷ್ಟು ವರ್ಷ ಇದ್ದು ಈ ಊರಿನವರ ಬುದ್ಧಿ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಎಂಬತ್ತಮೂರರ ಮೇ ತಿಂಗಳಲ್ಲಿ ಅದೂ ಪೂರ್ತಿ ಖರೆಯಲ್ಲ ಎಂದು ತಿಳಿಯಿತು.

ಶಿಬಿರದ ಹುಚ್ಚು ದಶರಥ ಮಾಸ್ತರದು. ವಿಜ್ಞಾನ ಕಲಿಸುವ ಮನುಷ್ಯ, ತೆಳ್ಳಗೆ, ಸದಾ ಅವಸರ. ಬೇಸಿಗೆ ಸೂಟಿಯಲ್ಲಿ ಮಕ್ಕಳು ಬೀದಿಯಲ್ಲಿ ಗೋಲಿ ಆಡುವ ಬದಲು ಗ್ರಹ ನಕ್ಷತ್ರ ನೋಡಲಿ ಎಂದು ಅವರ ಆಸೆ. ಧಾರವಾಡದ ಒಂದು ಕಾಲೇಜಿಗೆ ಹೋಗಿ, ಪ್ರಿನ್ಸಿಪಾಲರ ಮನೆಬಾಗಿಲಲ್ಲಿ ಕೂತು, ಒಂದು ದುರ್ಬೀನು ಕೇಳಿಕೊಂಡು ಬಂದಿದ್ದರು. ಅವರು ಕೊಟ್ಟದ್ದು ಶಿಬಿರದ ಕೊನೆಯ ಒಂದೇ ಸಂಜೆಗೆ. ಮರುದಿನ ಮುಂಜಾನೆಯ ಬಸ್ಸಿಗೆ ಅದು ತಿರುಗಿ ಹೋಗಬೇಕು.

ಪೆಂಡಾಲು ವಿಠೋಬಾ ಸಾವಕಾರರದು. ಸೀರೆಯ ದೊಡ್ಡ ವ್ಯಾಪಾರಿ, ನಮ್ಮ ಸಾಲಿ ಕಮಿಟಿಯ ಚೇರಮನ್ನರು. ‘ಮಕ್ಕಳ ಸಲುವಾಗಿ’ ಎಂದು ಪುಕ್ಕಟೆ ಹಾಕಿಸಿದ್ದರು. ಮುಂದೆ ಕಟ್ಟಿದ ಬ್ಯಾನರಿನಲ್ಲಿ ಮೂಲೆಗೊಂದು ಪುಟ್ಟ ಸೂರ್ಯ, ನಡುವೆ ಸಾವಕಾರರ ಹೆಸರು. ದಶರಥ ಮಾಸ್ತರ ಕೈಮುಗಿದು, ‘ಆಕಾಶ ಕಾಣಬೇಕಲ್ರಿ’ ಎಂದರು. ಹೆಡ್‌ಮಾಸ್ತರು ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋಗಿ, ‘ಆಕಾಶ ಎಲ್ಲಿ ಹೋಗ್ತೈತ್ರಿ, ನಾಳೆನೂ ಇರ್ತೈತಿ. ಸಾವಕಾರ್ರಿಗೆ ಸಿಟ್ಟ ಬಂದ್ರ ಸಾಲಿ ಇರೂದಿಲ್ಲ’ ಎಂದರು. ಲೆಕ್ಕ ಸರಿಯಾಗಿತ್ತು.

ಹಗಲು ಹೊತ್ತಿನ ಪಾಠಕ್ಕೆ ಪೆಂಡಾಲು ಛಲೋ ಅನುಕೂಲವಾಯಿತು, ಸುಳ್ಳು ಯಾಕೆ ಹೇಳಲಿ. ಆ ಬಿಸಿಲಲ್ಲಿ ನೆರಳಿತ್ತು. ನನ್ನನ್ನು ಕರೆದದ್ದು ಕತ್ತರಿ ಕೆಲಸಕ್ಕೆ. ಸೀರೆ ಪ್ಯಾಕು ಮಾಡುವ ರಟ್ಟಿನಲ್ಲಿ ನಕ್ಷತ್ರ ಕತ್ತರಿಸಿದೆ, ಭೂಮಿ ಕತ್ತರಿಸಿದೆ, ಒಂದು ದೊಡ್ಡ ಬಳೆಯನ್ನೂ ಕತ್ತರಿಸಿದೆ. ಆ ಬಳೆ ಶನಿಯದು. ಮಕ್ಕಳೇ ಗ್ರಹಗಳಾಗಿ ಮೈದಾನದಲ್ಲಿ ಸುತ್ತಬೇಕೆಂದು ಮಾಸ್ತರರ ಯೋಜನೆ.

ಸೂರ್ಯನಾಗಲು ಹುಡುಗರಲ್ಲಿ ಕುಸ್ತಿಯೇ ನಡೆಯಿತು. ಗುರುವಿಗೂ ಶುಕ್ರನಿಗೂ ಜನ ಸಿಕ್ಕರು. ‘ಶನಿ ಯಾರಾಗ್ತೀರಿ?’ ಎಂದ ಕೂಡಲೇ ಇಡೀ ಸಾಲು ಹಿಂದೆ ಸರಿಯಿತು. ಒಬ್ಬಳು ಮಾತ್ರ ನಿಂತಲ್ಲೇ ನಿಂತಿದ್ದಳು.

‘ನಾ ಆಗ್ತೀನ್ರಿ ಸರ್,’ ಅಂದಳು ಗುರುಬಾಯಿ. ‘ಮನ್ಯಾಗ ಹೆಂಗೂ ನಾನ ಅದೀನಿ.’

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಬಳೆಯನ್ನು ಅವಳ ಲಂಗದ ಸೊಂಟಕ್ಕೆ ಹೊಲಿದು ಕೊಟ್ಟೆ. ಶಿಬಿರ ಮುಗಿಯುವವರೆಗೂ ಅವಳು ಅದನ್ನು ತೆಗೆಯಲಿಲ್ಲ. ಊಟಕ್ಕೂ ಬಳೆ ಸಮೇತ ಕೂತಳು.

ಅವಳ ಕಥೆ ಇಷ್ಟು. ಅಪ್ಪ ಶಂಕರೆಪ್ಪ ಪಾವರಲೂಮು ನಡೆಸುವ ಬಡ ನೇಕಾರ. ಆ ವರ್ಷ ಅವನ ಮಗ್ಗದ ಮೋಟರು ಸುಟ್ಟಿತು. ಅದರ ಹಿಂದೆಯೇ ನೂಲು ಸುತ್ತಿದ ಭಾರದ ಬೀಮು ಬಿದ್ದು ಅವನ ಕಾಲು ಜಜ್ಜಿತು. ಅವನ ತಾಯಿ, ಗುರುಬಾಯಿಯ ಆಯಿ ಮುದಕವ್ವ, ರಬಕವಿಯ ಒಬ್ಬ ಜೋಯಿಸರ ಹತ್ತಿರ ಹೋದಳು. ಅವರು ಕವಡೆ ಹಾಕಿ, ಮೊಮ್ಮಗಳದು ತುಲಾ ರಾಶಿ, ಸಾಡೇಸಾತಿ ನಡೆದಿದೆ, ಅವಳ ಹೆಗಲ ಮೇಲೆ ಕೂತೇ ಶನಿ ನಿಮ್ಮ ಮನೆಯೊಳಗೆ ಬಂದಿದ್ದಾನೆ ಎಂದರು. ಮೋಟರು ಸುಟ್ಟದ್ದು ಅದರೊಳಗಿನ ತಂತಿ ಅಜ್ಜನ ಕಾಲದ್ದಾಗಿದ್ದಕ್ಕೆ. ಆದರೆ ತಂತಿಯ ಮೇಲೆ ಸಿಟ್ಟು ಮಾಡಿಕೊಂಡರೆ ಏನು ಸುಖ? ಹುಡುಗಿಯ ಮೇಲಾದರೆ ಮಾಡಿಕೊಳ್ಳಬಹುದು. ಶಿಬಿರ ಮುಗಿದ ಮೇಲೆ ಅವಳನ್ನು ಮುಧೋಳದ ಸೋದರತ್ತೆ ಲಕ್ಷ್ಮವ್ವನ ಮನೆಗೆ ಕಳಿಸಿಬಿಡುವುದೆಂದು ಮುದಕವ್ವ ತೀರ್ಮಾನಿಸಿದಳು. ಲಕ್ಷ್ಮವ್ವನಿಗೆ ಸಾಲುಸಾಲು ಸಣ್ಣ ಮಕ್ಕಳು, ಎತ್ತಿಕೊಳ್ಳಲು ಕೈ ಬೇಕಿತ್ತು. ಶನಿ ಬಂದರೂ ಪರವಾಗಿಲ್ಲ ಎಂದಳಂತೆ.

ಎಷ್ಟು ದಿನಕ್ಕೆ? ಸಾಡೇಸಾತಿ ಮುಗಿಯುವವರೆಗೆ. ಅಂದರೆ ಮುದಕವ್ವನ ಲೆಕ್ಕಕ್ಕೆ ಏಳೂವರೆ ವರ್ಷ. ಹನ್ನೆರಡು ದಾಟಿದ ಹುಡುಗಿಗೆ ಏಳೂವರೆ ವರ್ಷವೆಂದರೆ ಸಾಲಿಯೂ ಹೋಯಿತು, ಸೀದಾ ಲಗ್ನದ ಪೆಂಡಾಲೇ. ಗುರುಬಾಯಿ ಆ ವರ್ಷ ಏಳನೇ ಇಯತ್ತೆಯಲ್ಲಿ ಸಾಲಿಗೇ ಮೊದಲ ನಂಬರು. ದಶರಥ ಮಾಸ್ತರ ಮನೆಗೆ ಹೋಗಿ ಹೇಳಿ ನೋಡಿದರು. ನಾನೂ ಹೋಗಿ ಹೇಳಿದೆ. ಮುದಕವ್ವ ಇಬ್ಬರಿಗೂ ಚಹಾ ಕೊಟ್ಟಳು, ನಮ್ಮ ಮಾತು ಮಾತ್ರ ಒಂದೂ ಒಳಗೆ ಹೋಗಲಿಲ್ಲ. ಶಂಕರೆಪ್ಪ ಕಾಲಿಗೆ ಪಟ್ಟಿ ಕಟ್ಟಿಕೊಂಡು ಗೋಡೆ ನೋಡುತ್ತ ಕೂತಿದ್ದ.

‘ಹೋಗೂದು ಹೋಗ್ತಿ, ಈ ಶಿಬಿರಕ್ಕ ಯಾಕ ಬಂದಿವ್ವಾ?’ ಎಂದು ನಾನು ಅವಳನ್ನೇ ಕೇಳಿದೆ.

‘ಒಮ್ಮೆ ಅಂವನ ಮಾರಿ ನೋಡಬೇಕ್ರಿ ಅಕ್ಕೋರ. ಯಾರ ಸಲುವಾಗಿ ಮನಿ ಬಿಡಾಕತ್ತೇನಿ ಅನ್ನೂದರ ಗೊತ್ತಾಗಲಿ.’

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದೆ ಎದುರಿಗೆ ಬಂದ ಹೆಡ್‌ಮಾಸ್ತರ ಮೇಲೆ ಹರಿಹಾಯ್ದೆ. ಅವರು ಬರೇ ಚಾಕ್‌ಪೀಸು ಕೇಳಲು ಬಂದಿದ್ದರು. ದಶರಥ ಮಾಸ್ತರಿಗೆ ಈ ಮಾತು ಹೇಳಿದಾಗ ಅವರು, ‘ತೋರಸೂಣ್ರಿ. ಆಕಿಗೆ ಶನಿ ತೋರಿಸಿಯೇ ಕಳಸೂಣು’ ಎಂದರು.

ಆದರೆ ಊರು ಅಷ್ಟು ಸುಲಭಕ್ಕೆ ಬಿಡಬೇಕಲ್ಲ. ಮೊಮ್ಮಗಳನ್ನು ಸಾಲಿಯಲ್ಲಿ ಶನಿ ಮಾಡಿದ್ದಾರೆಂಬ ಸುದ್ದಿ ಮುದಕವ್ವನಿಗೆ ಮುಟ್ಟಿತು. ದುರ್ಬೀನು ಬರುವ ಹಿಂದಿನ ದಿನ ಅವಳು ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಪೆಂಡಾಲಿಗೆ ಬಂದಳು. ವಿಠೋಬಾ ಸಾವಕಾರರು ಅಲ್ಲೇ ಕುರ್ಚಿ ಹಾಕಿಸಿಕೊಂಡು ಬ್ಯಾನರು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು.

‘ಮಾಸ್ತರ, ಈ ದುರ್ಬೀನು ಏನ ಮಾಡ್ತೈತ್ರಿ?’ ಕೇಳಿದಳು ಮುದಕವ್ವ.

ದಶರಥ ಮಾಸ್ತರಿಗೆ ಇಂಥ ಪ್ರಶ್ನೆ ಕೇಳಿದರೆ ಹಿಗ್ಗು. ‘ದೂರ ಇರೂದನ್ನ ಹತ್ರ ತರ್ತೈತವ್ವಾ. ಐವತ್ತು ಪಟ್ಟು ಹತ್ರ.’

‘ಶನಿನ್ನೂ ತರ್ತೈತೇನು?’

‘ಅವನ್ನೂ ತರ್ತೈತಿ. ಅಂವನ ಸುತ್ತಿನ ಬಳಿ ಸುದ್ದಾ ಕಾಣ್ತೈತಿ.’

‘ಅಲ್ರಿ, ಅಷ್ಟು ದೂರ ಕುಂತು ನಮ್ಮ ಮೋಟರ ಸುಟ್ಟಾನ. ಐವತ್ತು ಪಟ್ಟು ಹತ್ರ ಬಂದ್ರ ಈ ಊರಾಗ ಯಾರ ಮೋಟರ ಉಳೀತಾವು?’

ಆ ಶಿಬಿರದಲ್ಲಿ ಯಾರಾದರೂ ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ಲೆಕ್ಕ ಅದು. ಹೆಂಗಸರು ಹೌದಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರ ಗಾಜು, ಬೆಳಕು, ಕಣ್ಣು ಎಂದು ಏನೇನೋ ವಿವರಿಸಿದರು. ಶನಿ ಬರುವುದಿಲ್ಲ, ಬಂದಂತೆ ಕಾಣುತ್ತಾನೆ ಎಂದರು. ‘ಕಂಡಮ್ಯಾಲ ಬಂದಂಗ ಅಲ್ರಿ?’ ಎಂದಳು ಮುದಕವ್ವ. ಸಾವಕಾರರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರದೂ ತುಲಾ ರಾಶಿಯೇ. ಪ್ರತಿ ಶನಿವಾರ ಅವರ ಅಂಗಡಿಯಿಂದ ಹನುಮಪ್ಪನ ಗುಡಿಗೆ ಎಣ್ಣೆ ಹೋಗುವುದು ಊರಿಗೆಲ್ಲ ಗೊತ್ತಿತ್ತು.

‘ಮಾಸ್ತರ, ಶನಿ ಗಿನಿ ಬ್ಯಾಡ,’ ಎಂದರು ಅವರು. ‘ಚಂದ್ರ ಛಲೋ ದೇವರು, ಅವನ್ನ ತೋರಸ್ರಿ. ಅಂವಾ ಕಾಣುವಷ್ಟು ಒಂದು ಪರದೆ ಬಿಚ್ಚಿಸಿ ಕೊಡ್ತೀನಿ. ಉಳಿದದ್ದು ಕಟ್ಟಿದ್ದು ಕಟ್ಟಿದಂಗ ಇರಲಿ. ಉಳಿದವರ್ಯಾರೂ ಒಳಗ ಬರೂದು ಬ್ಯಾಡ.’

‘ಸಾವಕಾರ್ರ, ಆಕಾಶ ಇದ್ದಲ್ಲೇ ಇರೂದಿಲ್ರಿ. ಸರೀತಿರತೈತಿ.’

‘ಸರದ್ರ ಸರೀಲಿ. ಪೆಂಡಾಲು ಗಟ್ಟಿ ಐತಿ.’

ಮಾಸ್ತರ ಇನ್ನೇನೋ ಹೇಳಲು ಬಾಯಿ ತೆರೆದವರು, ತಟ್ಟನೆ ಮುಚ್ಚಿಕೊಂಡರು. ಹೆದರಿ ಸುಮ್ಮನಾದರು ಎಂದುಕೊಂಡು ನಾನು ಅವರನ್ನು ಮನಸ್ಸಿನಲ್ಲೇ ಬೈದೆ. ಬಿಸಿಲು ತಡೆಯಲೂ ಅಲ್ಲ, ಮಳೆ ತಡೆಯಲೂ ಅಲ್ಲ, ಆಕಾಶದ ಒಬ್ಬನನ್ನು ಹೆಸರು ಹಿಡಿದು ತಡೆಯಲು ನಿಂತ ಪೆಂಡಾಲು ಬಹುಶಃ ಅದೊಂದೇ.

ಮರುದಿನ ಸಂಜೆ ದುರ್ಬೀನು ಬಂತು. ಊರೇ ಬಂತು. ಶನಿ ಬರಕೂಡದೆಂದು ಗದ್ದಲ ಹಾಕಿದವರೂ ಚಂದ್ರನನ್ನು ನೋಡಲು ಮುಂದಿನ ಸಾಲಿನಲ್ಲೇ ಕೂತಿದ್ದರು. ಹೊತ್ತು ಮುಳುಗಿದ ಮೇಲೆ ಪೆಂಡಾಲಿನ ಆಳು ಏಣಿ ಹತ್ತಿ, ತುಂಬುತ್ತ ಬಂದಿದ್ದ ಚಂದ್ರನನ್ನು ಗುರಿ ಹಿಡಿದು ಒಂದು ಪರದೆ ಬಿಚ್ಚಿದ. ಹಾಸಿಗೆಯಷ್ಟು ಆಕಾಶ ಕಂಡಿತು, ನಟ್ಟನಡುವೆ ಚಂದ್ರ. ಜನ ಚಪ್ಪಾಳೆ ತಟ್ಟಿದರು. ಮಾಸ್ತರ ನನ್ನನ್ನು ಪೆಂಡಾಲಿನ ಹೊರಗೆ ಕರೆದು ಮೂಡಣದ ಕಡೆ ಕೈ ಮಾಡಿದರು. ಚಂದ್ರನ ಕೆಳಗೆ, ಅವನ ಹಿಂದೆಯೇ, ಮಿಣುಕದ ಒಂದು ಹಳದಿ ಚುಕ್ಕೆ.

‘ಅಂವಾ ಶನಿ. ಚಂದ್ರನ ಬೆನ್ನ ಹತ್ತಿ ಬರಾಕತ್ತಾನ. ಒಂದು ತಾಸಿನ ಮ್ಯಾಲ ಆತಂದ್ರ ಇಂವಾ ಇದ್ದ ಜಾಗಾಕ್ಕ ಅಂವಾ ಬರ್ತಾನ. ಅಕ್ಕೋರ, ಕಾರ್ಯಕ್ರಮ ಲಗೂ ಮುಗಿಬಾರದ್ರಿ.’

ಆಗ ನನಗೆ ಅರ್ಥವಾಯಿತು. ಮನಸ್ಸಿನಲ್ಲಿ ಬೈದದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಬನಹಟ್ಟಿಯಲ್ಲಿ ಕಾರ್ಯಕ್ರಮ ಲಗೂ ಮುಗಿಸುವುದು ಕಷ್ಟ, ಉದ್ದ ಮಾಡಲು ಯಾರ ಸಹಾಯವೂ ಬೇಡ. ಆದರೂ ಆ ದಿನ ದಶರಥ ಮಾಸ್ತರ ಸುಮ್ಮನೆ ಕೂರಲಿಲ್ಲ. ಸಾವಕಾರರಿಗೆ ಶಾಲು ಹೊದಿಸಿದರು. ಹೆಡ್‌ಮಾಸ್ತರಿಗೆ ಹಾರ ಹಾಕಿದರು. ಪೆಂಡಾಲಿನ ಆಳನ್ನು ಏಣಿಯಿಂದ ಇಳಿಸಿ ಅವನಿಗೂ ತೆಂಗಿನಕಾಯಿ ಕೊಟ್ಟರು. ಆರು ತಿಂಗಳಿಂದ ದಿನಾ ಸಂಜೆ ತಪ್ಪದೆ ಹೋಗುತ್ತಿದ್ದ ಕರೆಂಟು, ಕತ್ತಲೆ ಬೇಕಾದ ಆ ಸಂಜೆ ಮಾತ್ರ ಹೋಗಲೇ ಇಲ್ಲ. ಅದಕ್ಕಾಗಿ ಲೈನ್‌ಮನ್ನನಿಗೂ ಒಂದು ಹಾರ ಬಿತ್ತು. ಆಮೇಲೆ ಸಾವಕಾರರ ಭಾಷಣ. ಅವರು ನೂಲಿನ ರೇಟಿನಿಂದ ಶುರು ಮಾಡಿ, ತಮ್ಮ ಕಾಲದಲ್ಲಿ ದುರ್ಬೀನಿಲ್ಲದೆಯೇ ಎಷ್ಟು ನಕ್ಷತ್ರ ಕಾಣುತ್ತಿದ್ದವೆಂದು ಹೇಳಿ, ಈಗಿನ ಮಕ್ಕಳ ಕಣ್ಣು ಯಾಕೆ ಕೆಟ್ಟಿವೆ ಎನ್ನುವಲ್ಲಿಗೆ ಬಂದು ನಿಂತರು. ಮಾಸ್ತರ ಎದ್ದು, ‘ಸಾವಕಾರ್ರು ನಮ್ಮ ಆಸೆ ನಡೆಸಿಕೊಟ್ಟು ಇನ್ನೆರಡು ಮಾತು ಆಡಬೇಕು’ ಎಂದು ಕೇಳಿಕೊಂಡರು. ಬದುಕಿನಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಎರಡು ಮಾತು ಬಹಳ ಹೊತ್ತು ನಡೆಯಿತು. ಮಕ್ಕಳು ನಿದ್ದೆ ಹೋದವು, ಎದ್ದವು, ಮತ್ತೆ ಹೋದವು. ಗುರುಬಾಯಿ ಮಾತ್ರ ಬಳೆ ಕಟ್ಟಿಕೊಂಡು ದುರ್ಬೀನಿನ ಸಾಲಿನಲ್ಲಿ ನಿಂತೇ ಇದ್ದಳು.

ಕೊನೆಗೂ ಸಾವಕಾರರು ಮೈಕು ಬಿಟ್ಟು ದುರ್ಬೀನಿನ ಹತ್ತಿರ ಬಂದರು. ಮೊದಲು ಚೇರಮನ್ನರೇ ನೋಡಬೇಕು, ಅದಕ್ಕೆ ಯಾವ ವಿಜ್ಞಾನವೂ ಅಡ್ಡ ಬರುವಂತಿಲ್ಲ. ಚಂದ್ರ ಆಗಲೇ ಬಟ್ಟೆಯ ಮರೆಗೆ ಸರಿದಿದ್ದ. ಪೆಂಡಾಲಿನ ದೀಪಗಳ ಬೆಳಕಿನಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಮಾಸ್ತರ ಕೊಳವೆಯನ್ನು ಬೆರಳ ತುದಿಯಿಂದ ಒಂದಿಷ್ಟು ತಿರುಗಿಸಿ, ‘ನೋಡ್ರಿ’ ಎಂದರು.

ಸಾವಕಾರರು ಒಂದು ಕಣ್ಣು ಮುಚ್ಚಿ ಬಗ್ಗಿದರು.

‘ಚಂದ್ರ ಭಾಳ ಸಣ್ಣಾಗ್ಯಾನಲ್ರಿ ಮಾಸ್ತರ.’

ಮಾಸ್ತರ ಕೊಳವೆ ಅಲುಗದಂತೆ ಹಿಡಿದುಕೊಂಡರು.

‘ಸುತ್ತಲೂ ಒಂದು ಬಳಿ ಐತಿ. ಭಾಳ ಚಂದ ಮಾಡ್ಯಾರ.’

ಹೆಡ್‌ಮಾಸ್ತರು ಚಪ್ಪಾಳೆ ತಟ್ಟಿದರು, ಜನವೂ ತಟ್ಟಿತು. ಅದು ನಿಂತ ಮೇಲೆ ಸಾಲಿನಿಂದ ಗುರುಬಾಯಿಯ ದನಿ ಕೇಳಿತು. ‘ಅದು ಚಂದ್ರ ಅಲ್ರಿ ಸಾವಕಾರ್ರ. ಬಳಿ ಇರೂದು ಶನಿಗಿ.’

ಸಾವಕಾರರು ಬಿಸಿ ತವೆ ಮುಟ್ಟಿದವರಂತೆ ಹಿಂದೆ ಸರಿದು ಕುರ್ಚಿಯಲ್ಲಿ ಕುಸಿದರು. ನೋಡಿದ ಕಣ್ಣಿನ ಮೇಲೆ ಅಂಗೈ ಒತ್ತಿ ಹಿಡಿದುಕೊಂಡು, ‘ಎಣ್ಣಿ ತರ್ರಿ’ ಎಂದರು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿ ಎಳೆದುಕೊಂಡು ಓಡಿದರು. ಕುರ್ಚಿ ಉರುಳಿದವು. ಹೆಡ್‌ಮಾಸ್ತರು ಪೆಂಡಾಲಿನ ಆಳಿಗೆ ‘ಪರದಿ ಹಾಕು, ಪರದಿ ಹಾಕು’ ಎಂದು ಕೂಗುತ್ತಿದ್ದರು. ಅವನು ಒಂದು ಕೈಯಲ್ಲಿ ತೆಂಗಿನಕಾಯಿ ಹಿಡಿದು ಏಣಿ ಹುಡುಕುತ್ತಿದ್ದ. ಈ ಗದ್ದಲದಲ್ಲಿ ಸಾಲು ಕರಗಿಹೋಗಿ ದುರ್ಬೀನಿನ ಮುಂದೆ ಉಳಿದವಳು ಗುರುಬಾಯಿ ಒಬ್ಬಳೇ. ಅವಳು ಹೋಗಿ ಕಣ್ಣಿಟ್ಟಳು.

ಬಹಳ ಹೊತ್ತು ನೋಡಿದಳು. ಶನಿ ಸರಿದಂತೆ, ಮಾಸ್ತರ ತಿರುಗಿಸಿದ್ದ ರೀತಿಯಲ್ಲೇ ಕೊಳವೆಯನ್ನು ಮೆಲ್ಲಗೆ ಸರಿಸುತ್ತ ನೋಡಿದಳು. ಮುದಕವ್ವ ಕುರ್ಚಿಗಳ ಮಧ್ಯೆ ಸಿಕ್ಕಿಕೊಂಡು ಅಲ್ಲಿಂದಲೇ ಬೈಯುತ್ತಿದ್ದಳು. ಹತ್ತಿರ ಬಂದವಳು ಯಾಕೋ ಕೈ ಹಾಕಿ ಎಳೆಯಲಿಲ್ಲ, ನಿಂತುಬಿಟ್ಟಳು. ಓಡಿದ್ದ ಹೆಂಗಸರು ಸಹ ಒಬ್ಬೊಬ್ಬರಾಗಿ ತಿರುಗಿ ಬಂದು ಸುತ್ತ ನಿಂತರು. ಇಷ್ಟು ಹೊತ್ತು ಶನಿಯ ಮುಖ ನೋಡಿಯೂ ಹುಡುಗಿಗೆ ಏನೂ ಆಗಿರಲಿಲ್ಲ. ಬೆವರೂ ಬಂದಿರಲಿಲ್ಲ. ಅವಳು ಕಣ್ಣು ತೆಗೆದು ತಿರುಗಿದಾಗ ಇಡೀ ಪೆಂಡಾಲು ಅವಳನ್ನೇ ನೋಡುತ್ತಿತ್ತು.

ಮುದಕವ್ವ ಸಣ್ಣ ದನಿಯಲ್ಲಿ ಕೇಳಿದಳು, ‘ಏನಂದ್ನ ಬೇ ಅಂವಾ?’

ಗುರುಬಾಯಿ ಮಾಸ್ತರರನ್ನು ನೋಡಿದಳು. ನನ್ನನ್ನು ನೋಡಿದಳು. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಅಪ್ಪನನ್ನು ನೋಡಿದಳು. ಆಮೇಲೆ ಪಾಠ ಒಪ್ಪಿಸುವವಳ ಹಾಗೆ ಕೈಕಟ್ಟಿ ಹೇಳಿದಳು.

‘ಇಕಿನ್ನ ಮುಧೋಳಕ್ಕ ಕಳಿಸಿದ್ರ ನಾ ಇಕಿ ಕೂಡ ಹೋಗೂದಿಲ್ಲ, ಇಲ್ಲೇ ಮಗ್ಗದ ಮ್ಯಾಲ ಕೂಡ್ತೀನಿ ಅಂದ. ಇಕಿ ಹೈಸ್ಕೂಲಿಗೆ ಹೋದ್ರ ದಿನಾ ಇಕಿ ಜೋಡಿ ನಾನೂ ಸಾಲಿಗೆ ಹೋಗಿ ಕೂಡ್ತೀನಿ, ಮಗ್ಗಾ ನಡಿಯೂ ಹೊತ್ತಿನ್ಯಾಗ ಮನಿ ಕಡೆ ಬರೂದಿಲ್ಲ ಅಂದ.’

ದಶರಥ ಮಾಸ್ತರರ ಮುಖ ನೋಡುವಂತಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಮುದಕವ್ವ ಒಂದಿಷ್ಟು ಲೆಕ್ಕ ಹಾಕಿದಳು. ಶನಿ ಹಗಲೆಲ್ಲ ಹೈಸ್ಕೂಲಿನಲ್ಲಿ, ಮಗ್ಗ ನಡೆಯುವುದು ಹಗಲಲ್ಲಿ. ಅವಳಿಗೆ ಅದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ‘ಸಾವಕಾರ್ರ, ಹೈಸ್ಕೂಲಿನ್ಯಾಗ ಜಾಗಾ ಐತೇನ್ರಿ?’ ಎಂದು ಕೇಳಿದಳು.

‘ನಾಳೇನ ಹೆಸರು ಹಚ್ಚಸ್ತೀನಿ,’ ಎಂದರು ಸಾವಕಾರರು, ಕಣ್ಣಿನ ಮೇಲಿನ ಕೈ ತೆಗೆಯದೆ. ಹೈಸ್ಕೂಲಿನ ಕಮಿಟಿಗೂ ಅವರೇ ಚೇರಮನ್ನರು. ‘ಗುರುಬಾಯಿ, ನನಗೇನರ ಅಂದ್ನೇನವ್ವಾ?’

‘ನಿಮ್ಮ ಸುದ್ದಿನ ತಗೀಲಿಲ್ರಿ.’

ಸಾವಕಾರರಿಗೆ ಸಮಾಧಾನವಾಯಿತೋ ಅವಮಾನವಾಯಿತೋ ಹೇಳುವುದು ಕಷ್ಟ.

ಜೂನಿನಲ್ಲಿ ಗುರುಬಾಯಿ ಹೈಸ್ಕೂಲಿಗೆ ಹೋದಳು. ಮುದಕವ್ವ ದಿನಾ ಮುಂಜಾನೆ ಬಾಗಿಲ ತನಕ ಬಂದು, ಇಬ್ಬರನ್ನು ಕಳಿಸಿಕೊಡುವವಳಂತೆ ಕೈಮುಗಿದು ಕಳಿಸುತ್ತಿದ್ದಳಂತೆ. ಶಂಕರೆಪ್ಪ ಮೋಟರಿಗೆ ಹೊಸ ತಂತಿ ಸುತ್ತಿಸಿದ, ಅದು ನಡೆಯಿತು. ಅದರ ಕೀರ್ತಿ ಹೈಸ್ಕೂಲಿನಲ್ಲಿ ಕೂತ ಶನಿಗೆ ಹೋಯಿತು. ಓಣಿಯ ಹೆಂಗಸರು ಹುಡುಗಿಯನ್ನು ದಾರಿಯಲ್ಲಿ ನಿಲ್ಲಿಸಿ, ತಮ್ಮ ಮನೆಯ ಸುದ್ದಿಯನ್ನೂ ಅವನ ಕಿವಿಗೆ ಹಾಕು ಎಂದು ಕೇಳತೊಡಗಿದರು.

ದಶರಥ ಮಾಸ್ತರಿಗೆ ಮಾತ್ರ ಅನ್ನ ರುಚಿಸಲಿಲ್ಲ. ಊರಿನ ಮೂಢನಂಬಿಕೆ ತೆಗೆಯಲು ಶಿಬಿರ ಮಾಡಿದ ಮನುಷ್ಯ, ಊರಿಗೆ ಹೊಸದೊಂದನ್ನು ಕೊಟ್ಟು ಕೂತಿದ್ದರು. ಒಂದು ಮಧ್ಯಾಹ್ನ ಗುರುಬಾಯಿ ನನ್ನ ಹೊಲಿಗೆ ಕೋಣೆಗೆ ಬಂದಾಗ ಅವರೂ ಬಂದರು. ನಿಂತುಕೊಂಡೇ ಕೇಳಿದರು.

‘ಶನಿ ಮಾತಾಡ್ತಾನೇನು?’

‘ಇಲ್ರಿ ಸರ್. ಅದು ಬರೇ ಹವಾದ ಗುಂಡು. ಬಳಿ ಅಂದ್ರ ಬರ್ಫದ ತುಣಕು. ನೀವ ಹೇಳಿದ್ರಿ.’

‘ಮತ್ತ ಯಾಕ ಹಂಗ ಸುಳ್ಳ ಹೇಳಿದಿ?’

ಗುರುಬಾಯಿಗೆ ನಾಚಿಕೆಯೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ.

‘ಸಾಲಿ ಕಲೀತೀನಿ ಅಂತ ನಾ ಹೇಳಿದೆ, ಆಯಿ ಕೇಳಲಿಲ್ಲ. ನೀವು ಬಂದು ಹೇಳಿದ್ರಿ, ಕೇಳಲಿಲ್ಲ. ಅಕ್ಕೋರು ಬಂದು ಹೇಳಿದ್ರು, ಕೇಳಲಿಲ್ಲ. ಆಕಿ ಕೇಳೂದು ಅಂವನ ಮಾತು ಒಂದ ಇತ್ತು. ಅಂವಗ ಬಾಯಿ ಇರಲಿಲ್ರಿ ಸರ್.’